ಕರೆಂಟು ಹೋದಾಗ ಕೇಳುವ ಕೆಮ್ಮು

ಕರೆಂಟು ಹೋದ ಕೂಡಲೇ ನಮ್ಮ ಬೀದಿಯಲ್ಲಿ ಮೊದಲು ಕೇಳುವ ಸದ್ದು ಕೆಮ್ಮು. ಬೇರೆ ಕಡೆ ಕರೆಂಟು ಹೋದರೆ ಜನ ನಿಟ್ಟುಸಿರು ಬಿಡುತ್ತಾರೆ, ಬೈಯುತ್ತಾರೆ, ಮೊಬೈಲಿನ ಬೆಳಕು ಹಚ್ಚುತ್ತಾರೆ, ನಮ್ಮಲ್ಲಿ ಕೆಮ್ಮುತ್ತಾರೆ. ಗಾಬರಿಪಟ್ಟು ವೈದ್ಯರನ್ನು ಕರೆಸುವ ಅಗತ್ಯವಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಬೆಳಗಾಯಿತೆಂದರೆ ಮನೆಮನೆಯೊಳಗೂ ವಿದ್ಯುತ್ ಮಗ್ಗಗಳು ಬಡಿಯತೊಡಗುತ್ತವೆ. ಆ ಆರ್ಭಟದ ಹೊದಿಕೆಯೊಳಗೆ ಕೆಮ್ಮು, ಸೀನು, ಆಕಳಿಕೆ, ಗೊಣಗಾಟ ಮೊದಲಾದ ಮನುಷ್ಯಮಾತ್ರರ ಕಿರುನಾದಗಳೆಲ್ಲ ಬೆಚ್ಚಗೆ ಮುದುಡಿಕೊಂಡಿರುತ್ತವೆ. ಕರೆಂಟು ಹೋಯಿತೋ, ಯಾರೋ ಎಳೆದು ಬಿಸಾಡಿದಂತೆ ಹೊದಿಕೆ ಹಾರಿಹೋಗುತ್ತದೆ. ಮಗ್ಗದ ಧೈರ್ಯದ ಮೇಲೆ ಶುರುವಾದ ಕೆಮ್ಮೊಂದು ಅರ್ಧದಾರಿಯಲ್ಲಿ ಸಿಕ್ಕಿಬೀಳುತ್ತದೆ. ಬಹುಪಾಲು ಅದು ಎದುರುಮನೆಯ ಅಂಜಿನಪ್ಪ ಮಾವನದು. ಕಿವಿ ಮಂದವಾದ ಮುದುಕಿಯರು ಕೂಡ ಆ ಕೆಮ್ಮು ಕೇಳಿಯೇ ಕರೆಂಟು ಹೋದದ್ದನ್ನು ಖಾತ್ರಿ ಮಾಡಿಕೊಳ್ಳುತ್ತಾರೆ.

ಕೆಮ್ಮಿನ ಬೆನ್ನಿಗೇ ಬೀದಿ ಹೊರಕ್ಕೆ ಬರುತ್ತದೆ. ಬೇಸಿಗೆಯ ಸಂಜೆಯಾದರಂತೂ ಕೇಳುವುದೇ ಬೇಡ. ರಟ್ಟಿನ ತುಂಡನ್ನೇ ಬೀಸಣಿಗೆ ಮಾಡಿಕೊಂಡು, ಮಜ್ಜಿಗೆಯ ಚೊಂಬು ಹಿಡಿದು, ತಲೆಗೂದಲಲ್ಲಿ ರೇಷ್ಮೆಯ ಎಳೆ ಸಿಕ್ಕಿಸಿಕೊಂಡೇ ಎಲ್ಲರೂ ಜಗಲಿಗೆ ಬಂದು ಕೂರುತ್ತಾರೆ. ಯಾರ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಕಾಗೆಯ ಪಾಲಾಯಿತು, ನಲ್ಲೂರಿನ ಕಡೆಯಿಂದ ತಂದ ಹುಣಸೆ ಯಾರಿಗೆ ಹುಳಿ ಹೆಚ್ಚಾಯಿತು, ಯಾರ ಸೊಸೆ ಯಾರ ಅತ್ತೆಗೆ ಏನೆಂದಳು ಎಂಬ ಸಮಸ್ತ ವರ್ತಮಾನವೂ ಕರೆಂಟು ಬರುವುದರೊಳಗೆ ಹಂಚಿಕೆಯಾಗಬೇಕು. ನಮ್ಮ ಸಮುದಾಯ ಜೀವನವೆಂಬುದು ಎರಡು ಕರೆಂಟುಗಳ ನಡುವಿನ ಅವಕಾಶದಲ್ಲಿ ನಡೆಯುವಂಥದ್ದು.

ಇಷ್ಟು ಅಧಿಕಾರವಾಣಿಯಿಂದ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನು ಇದೇ ಬೀದಿಯಲ್ಲಿ ಹುಟ್ಟಿದವಳು. ಸದ್ಯಕ್ಕೆ ನಮ್ಮೂರ ನಗರಸಭೆಯ ಅಧ್ಯಕ್ಷೆ. ಅದಕ್ಕಿಂತ ಹೆಚ್ಚಾಗಿ ಬಿ.ಎ. ಅಧ್ಯಕ್ಷಗಿರಿಗೆ ಅವಧಿಯುಂಟು, ಬಿ.ಎ.ಗೆ ಇಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪಾದಗಳು ನನ್ನವು, ಅವುಗಳಲ್ಲಿದ್ದ ಚಪ್ಪಲಿ ಮಾತ್ರ ಚಿಕ್ಕಮ್ಮನದು. ಮಗ್ಗದ ಪಕ್ಕದಲ್ಲಿ, ಹೊಕ್ಕಿನ ನೂಲನ್ನು ಕಂಡಿಕೆಯೆಂಬ ಪುಟ್ಟ ಕೊಳವೆಗೆ ಸುತ್ತುತ್ತ ಸುತ್ತುತ್ತಲೇ ಓದಿದವಳು ನಾನು. ಆ ಸದ್ದಿಲ್ಲದೆ ನನಗೆ ಅಕ್ಷರ ತಲೆಗಿಳಿಯುತ್ತಿರಲಿಲ್ಲ. ಪರೀಕ್ಷೆಯ ಕೊಠಡಿಯ ನಿಶ್ಶಬ್ದಕ್ಕೆ ಬೆದರಿ ಬೆವತು, ಬೆಂಚನ್ನು ಬೆರಳಿನಲ್ಲಿ ಮಗ್ಗದ ಲಯಕ್ಕೆ ಕುಟ್ಟಿಕೊಂಡು ಉತ್ತರ ಬರೆದೆ. ಗ್ರಂಥಾಲಯದಲ್ಲಿ ಗೆಳತಿಯ ಕಿವಿಯಲ್ಲಿ ಉಸುರಿದೆನೆಂದು ನಾನು ಭಾವಿಸಿದ್ದ ಮಾತು ಮೂರು ಕಪಾಟಿನಾಚೆಗೆ ಕೇಳಿ, ಹೊರಗೆ ಕಳುಹಿಸಲ್ಪಟ್ಟೆ. ಕೊನೆಗೆ ಪದವಿ ಬಂತು. ಕಪ್ಪು ನಿಲುವಂಗಿ ತೊಟ್ಟ ನನ್ನ ಫೋಟೋವನ್ನು ಅಮ್ಮ ಮಗ್ಗದ ಮೇಲಿನ ಗೋಡೆಗೇ ತೂಗುಹಾಕಿದಳು. ಮಗ್ಗದ ಅದುರಿಗೆ ಅದು ದಿನವೂ ವಾಲುತ್ತದೆ. ದಿನವೂ ಸಂಜೆ ಅಮ್ಮ ಅದನ್ನು ನೆಟ್ಟಗೆ ಮಾಡುತ್ತಾಳೆ. ನನ್ನ ವ್ಯಕ್ತಿತ್ವದ ಬಗ್ಗೆ ಇದಕ್ಕಿಂತ ಸಮರ್ಪಕವಾದ ವಿಮರ್ಶೆಯನ್ನು ವಿರೋಧ ಪಕ್ಷದವರೂ ಮಾಡಿಲ್ಲ.

ಈಗ ಈ ಬೇಸಿಗೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಚೇರಿಯ ಕಿರಿಯ ಎಂಜಿನಿಯರೊಬ್ಬಳು, ದೊಡ್ಡ ದೊಡ್ಡ ನಗರಗಳ ಮುಖ್ಯಸ್ಥರು ಬೇಸಿಗೆಗೊಮ್ಮೆ ತಮ್ಮ ಊರಿನ ಜನಜೀವನ ಹೇಗಿದೆಯೆಂದು ಜನರಿಗೇ ವರದಿ ಒಪ್ಪಿಸುತ್ತಾರೆಂದೂ ನಾವೂ ಹಾಗೆ ಮಾಡಬೇಕೆಂದೂ ಹೇಳಿದಳು. ನಮ್ಮ ಜೀವನ ಹೇಗಿದೆಯೆಂದು ನಮಗೆ ಇನ್ನೊಬ್ಬರು ಹೇಳಬೇಕೇ ಎಂದು ಬೇರೆಯವರಾದರೆ ಕೇಳುತ್ತಿದ್ದರು. ನಾನು ಕೇಳಲಿಲ್ಲ, ಬರೆಯಲು ಅವಕಾಶ ಸಿಕ್ಕಿದ ಬಿ.ಎ. ಅಂಥ ಪ್ರಶ್ನೆಗಳನ್ನು ಕೇಳುವುದಿಲ್ಲ. ಕೂತು ಬರೆದೆ. 'ಗ್ರೀಷ್ಮದ ಪ್ರಖರತೆಯ ನಡುವೆಯೂ ನಮ್ಮ ನಗರದ ಸಹಬಾಳ್ವೆಯ ತಂಪು ಅಬಾಧಿತವಾಗಿದೆ' ಎಂಬ ವಾಕ್ಯದಿಂದ ಶುರುವಾಗಿ, ಉದ್ಯಾನದ ಹೊಸ ಬೆಂಚು, ತರಕಾರಿ ಮಾರುಕಟ್ಟೆಗೆ ಕಟ್ಟಿಸಿದ ನೆರಳಿನ ಬಲೆ, ಮಕ್ಕಳ ಬೇಸಿಗೆ ಶಿಬಿರ, ಬೀದಿನಾಯಿಗಳ ಚುಚ್ಚುಮದ್ದು ಎಲ್ಲವನ್ನೂ ದಾಟಿ, ಊಟದ ಕೊನೆಗೆ ಪಾಯಸ ಬಡಿಸುವ ಹಾಗೆ ಕಟ್ಟಕಡೆಗೆ ನೀರಿನ ವಿಷಯವನ್ನಿಟ್ಟೆ.

ಆ ಪಾಯಸವೇ ನನಗೆ ಬೇಕಾಗಿದ್ದದ್ದು. ನಮ್ಮದು ಮೇಲಿನ ಬೀದಿ. ಇಳಿಜಾರಿನಲ್ಲಿರುವುದು ಕೆಳಗಿನ ಬೀದಿ. ಕೆಳಗಿನವರ ಕೊಳವೆಬಾವಿ ಈ ಬೇಸಿಗೆಯ ಆರಂಭದಲ್ಲೇ ಬತ್ತಿತು. ನಮ್ಮದರಲ್ಲಿ ನೀರಿತ್ತು. ಸಂಜೆಯ ಹೊತ್ತು ನಮ್ಮ ನೀರನ್ನು ಅವರ ಬೀದಿಯ ಮಿನಿ ಟ್ಯಾಂಕಿಗೆ ಬಿಟ್ಟರೆ ಎರಡೂ ಬೀದಿ ಬೇಸಿಗೆ ದಾಟಬಹುದು. ಪೈಪು ಇತ್ತು, ನಡುವಿನ ವಾಲ್ವನ್ನು ತಿರುಗಿಸಿದರೆ ಸಾಕಿತ್ತು. ಬೀದಿಯವರು ಮಾತ್ರ ಒಪ್ಪುತ್ತಿರಲಿಲ್ಲ. ಬೀದಿಗೆಲ್ಲ ಹಿರಿಯರಾದ ಅಂಜಿನಪ್ಪ ಮಾವನ ಹಿತ್ತಲಿನ ಕೊಳವೆಬಾವಿಯೊಂದು ಹಿಂದೆ ಇದ್ದಕ್ಕಿದ್ದಂತೆ ಮಣ್ಣು ಕಾರಿ ನಿಂತುಹೋಗಿತ್ತು. ಅಂದಿನಿಂದ ನೀರಿನ ವಿಷಯದಲ್ಲಿ ಅವರು ಯಾರನ್ನೂ ನಂಬರು, ಭೂಮಿಯನ್ನಂತೂ ಮೊದಲೇ ನಂಬರು.

ಕೆಳಗಿನ ಬೀದಿಯ ಯಶೋದ ನಮ್ಮಮ್ಮನ ಮಗ್ಗದಲ್ಲಿ ನೇಯುವವಳು. ಟ್ಯಾಂಕರಿಗೆ ಕಾದು ಕಾದು ಕೆಲಸಕ್ಕೆ ತಡವಾಗಿ ಬರುತ್ತಿದ್ದಳು. ಹೋಗುವಾಗ ನಮ್ಮ ಮನೆಯಿಂದ ಎರಡು ಬಿಂದಿಗೆ ಹೊತ್ತೊಯ್ಯುತ್ತಿದ್ದಳು. ಒಂದು ದಿನ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಅಕ್ಕಾ, ಹಿಂಗೇ ಆದ್ರೆ ನಾನು ಹೊಸಕೋಟೆ ಅಣ್ಣನ ಮನೆಗೆ ಹೊಂಟೋಯ್ತೀನಿ. ಅಲ್ಲಿ ಫ್ಯಾಕ್ಟರಿ ಕೆಲಸನಾದ್ರೂ ಸಿಗುತ್ತೆ, ನಲ್ಲೀಲಿ ನೀರೂ ಬರುತ್ತೆ" ಎಂದಳು. ಜರಿಯ ಅಂಚನ್ನು ಅವಳಂತೆ ನೇಯುವವರು ನಮ್ಮ ಬೀದಿಯಲ್ಲಿಲ್ಲ. ಅದಿರಲಿ, ಅವಳಂತೆ ನಗುವವರೂ ಇಲ್ಲ.

ಅಧ್ಯಕ್ಷೆಯಾಗಿ ಒಂದು ಆಜ್ಞೆ ಹೊರಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ಇರುವುದು ನಮ್ಮ ತವರುಮನೆಯ ಗೋಡೆಯ ಮೇಲೆ. ಅದರ ಬೀಗದ ಕೈ ಇರುವುದು ನಮ್ಮಮ್ಮನ ಸೆರಗಿನ ಗಂಟಿನಲ್ಲಿ. ಆಜ್ಞೆಯನ್ನು ಜಾರಿ ಮಾಡಬೇಕಾದರೆ ನಾನು ಮೊದಲು ಹೆತ್ತತಾಯಿಯ ಸೆರಗಿಗೆ ಕೈ ಹಾಕಬೇಕಿತ್ತು. ಒಮ್ಮೆ ಅಧಿಕಾರಯುತವಾಗಿ ಕೇಳಿಯೂ ನೋಡಿದೆ. "ಅಧ್ಯಕ್ಷೆ ಆಫೀಸಲ್ಲಿ ಕಣೆ. ಇಲ್ಲಿ ನೀನು ನನ್ನ ಮಗಳು. ಬೀದಿಯೋರು ನಂಬಿ ಕೊಟ್ಟಿರೋ ಕೀ, ಬೀದಿ ಹೂಂ ಅಂದ್ರೆ ಕೊಡ್ತೀನಿ" ಎಂದು ಅಮ್ಮ ಊಟಕ್ಕೆ ತಟ್ಟೆ ಹಾಕಿದಳು. ಪ್ರಜಾಪ್ರಭುತ್ವದ ಪಾಠವನ್ನು ಕಾಲೇಜಿನಲ್ಲಿ ಇದರ ಕಾಲುಭಾಗದಷ್ಟು ಸ್ಪಷ್ಟವಾಗಿ ಹೇಳಿದ್ದರೂ ನನಗೆ ಇನ್ನಷ್ಟು ಅಂಕ ಬರುತ್ತಿದ್ದವು.

ಹೀಗಾಗಿ ಬೇಸಿಗೆ ವರದಿಯ ಮೇಲೆ ನನ್ನ ಭರವಸೆಯೆಲ್ಲ ನಿಂತಿತ್ತು. ಮೊದಲು ವೀಡಿಯೊ ಮಾಡಿದೆವು. ಕಚೇರಿಯ ಹೊಂಗೆಮರದ ಕೆಳಗೆ ನಿಂತು, ಈಗ ನಾನಿರುವ ಬಡಾವಣೆಯ ಹೊಸ ಮನೆಯಲ್ಲಿ ಅಭ್ಯಾಸ ಮಾಡಿಕೊಂಡ ಸಣ್ಣ ದನಿಯಲ್ಲಿ, ತುಟಿಯನ್ನು ಹೆಚ್ಚು ತೆರೆಯದೆ ಗಂಭೀರವಾಗಿ ಮಾತಾಡಿದೆ. ವಾಟ್ಸಾಪಿನಲ್ಲಿ ಊರೆಲ್ಲ ಹರಿದಾಡಿತು. ಸಂಜೆ ಅಮ್ಮನನ್ನು ಕೇಳಿದೆ.

"ನೋಡ್ದೆ. ಮಗ್ಗದ ಸದ್ದಲ್ಲಿ ಕೇಳೋದೆಲ್ಲಿ ಬಂತು, ಬಾಯಿ ನೋಡ್ದೆ. ಒಂದೂ ಗೊತ್ತಾಗ್ಲಿಲ್ಲ. ಯಾರ್ದೋ ಬಾಯಿ ಇದ್ದಂಗಿತ್ತು."

ಇದರ ಅರ್ಥ ತಿಳಿಯಬೇಕಾದರೆ ನಮ್ಮವರ ಇನ್ನೊಂದು ವಿದ್ಯೆ ನಿಮಗೆ ಗೊತ್ತಿರಬೇಕು. ಮಗ್ಗದ ಮನೆಯಲ್ಲಿ ಕೂಗಿದರೆ ಗಂಟಲು ಹೋಗುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಆದ್ದರಿಂದ ನಾವು ತುಟಿಯಲ್ಲೇ ಮಾತಾಡುತ್ತೇವೆ. ಖಾಲಿ ಕಂಡಿಕೆಯೊಂದನ್ನು ಎಸೆದು ಎದುರಿನವರ ಗಮನ ಸೆಳೆದು, ದನಿಯಿಲ್ಲದೆ ಬಾಯಾಡಿಸಿದರೆ ಸಾಕು, ಮಗ್ಗದಾಚೆಯಿಂದ ಉತ್ತರ ಬರುತ್ತದೆ. ತುಟಿಯ ಮೇಲೆ ಅಪ್ಪ, ಅಮ್ಮ ಎರಡೂ ಒಂದೇ ಥರ ಕಾಣುವುದರಿಂದ ಅಪ್ಪನಿಗೆ ಮೀಸೆ ತಿರುವುವ ಸನ್ನೆಯನ್ನು ಸೇರಿಸುತ್ತೇವೆ. ನಮ್ಮಪ್ಪನಿಗೆ ಮೀಸೆಯೇ ಇರಲಿಲ್ಲ, ಆದರೂ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲಿ ಅವನು ಮೀಸೆ ಸಮೇತನಾಗಿಯೇ ಉಳಿದಿದ್ದಾನೆ. ನಮ್ಮಲ್ಲಿ ಗುಟ್ಟು ಹೇಳುವವರು ಕಿವಿಯ ಬಳಿಗೆ ಬರುವುದಿಲ್ಲ, ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ಇಂಥ ಬೀದಿಗೆ ನಾನು ತುಟಿ ಬಿಗಿಹಿಡಿದು ಗ್ರೀಷ್ಮ, ಪ್ರಖರತೆ, ಅಬಾಧಿತ ಎಂದೆಲ್ಲ ಕಳುಹಿಸಿದ್ದೆ.

ಹಾಗಾದರೆ ಕರೆಂಟು ಹೋದಾಗ ಎದುರಿಗೇ ನಿಂತು ಓದುವುದೆಂದು ತೀರ್ಮಾನಿಸಿದೆ. ಬೇಸಿಗೆ, ಗಾಳಿ, ಗುಡುಗು. ಕರೆಂಟಿಗೆ ಹೋಗಲು ನೆಪಗಳ ಕೊರತೆಯಿರಲಿಲ್ಲ. ಅಂಜಿನಪ್ಪ ಮಾವ ಕೆಮ್ಮಿದ ಕೂಡಲೇ ಅಮ್ಮ ಫೋನು ಮಾಡುವುದು, ನಾನು ಸ್ಕೂಟರ್ ಹತ್ತಿ ಧಾವಿಸುವುದು ಎಂದು ವ್ಯವಸ್ಥೆಯಾಯಿತು. ಮೊದಲನೆಯ ಸಲ ಓದುತ್ತ ಉದ್ಯಾನದ ಬೆಂಚಿನವರೆಗೆ ಬಂದಿದ್ದೆ, ಕರೆಂಟು ಬಂತು. ಅಷ್ಟೂ ಜನ ಮಜ್ಜಿಗೆಯ ಚೊಂಬನ್ನು ಜಗಲಿಯ ಮೇಲೇ ಬಿಟ್ಟು ಮಗ್ಗಕ್ಕೆ ಓಡಿದರು. ಬಾಲ ಅಲ್ಲಾಡಿಸುತ್ತ ನನ್ನನ್ನೇ ದಿಟ್ಟಿಸುತ್ತ ಕೊನೆಯವರೆಗೂ ಕೂತಿದ್ದ ಏಕೈಕ ಶ್ರೋತೃವಿಗೆ ಚುಚ್ಚುಮದ್ದಿನ ಪ್ಯಾರಾ ಹೆಚ್ಚು ಸಂಬಂಧಪಟ್ಟಿತ್ತು, ಅಲ್ಲಿಗೆ ನಾನು ತಲುಪಲೇ ಇಲ್ಲ.

ಮರುಸಲ ಬುದ್ಧಿ ಕಲಿತು, ಗ್ರೀಷ್ಮವನ್ನು ಕೈಬಿಟ್ಟು, ಶಿಬಿರವನ್ನು ಮೊಟಕುಗೊಳಿಸಿ, ಉಸಿರು ಕಟ್ಟಿ ಓದಿದೆ. "ಇನ್ನು ನೀರಿನ ವಿಚಾರ" ಎಂದೆ. ಕರೆಂಟು ಬಂತು. ಇನ್ನೊಂದು ಸಂಜೆ ಬೆಂಚನ್ನೂ ಬಿಟ್ಟು ಎರಡೇ ಮಾತಿಗೆ ನೀರಿಗೆ ಬಂದೆ. "ನೀರು" ಎಂದದ್ದೇ ತಡ, ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಗುಡುಗಿದವು. ಅಂಜಿನಪ್ಪ ಮಾವ ಕಿಟಕಿಯಿಂದ ನನಗೆ ಕೈಮುಗಿದರು.

ಅಲ್ಲಿಂದ ನನ್ನ ಖ್ಯಾತಿ ಒಮ್ಮೆಗೇ ಹಬ್ಬಿತು. ನಗರಸಭೆಯಲ್ಲಿ ನಾನು ಮಾಡಿದ ಯಾವ ಕೆಲಸಕ್ಕೂ ಇಷ್ಟು ಮನ್ನಣೆ ಸಿಕ್ಕಿರಲಿಲ್ಲ. ಕರೆಂಟು ಹೋದರೆ ಲೈನ್‌ಮನ್‌ಗೆ ಫೋನು ಮಾಡುತ್ತಿದ್ದವರು ನನಗೆ ಮಾಡತೊಡಗಿದರು. "ಅಧ್ಯಕ್ಷೆನ ಕರೀರಿ, ಬಂದು ನೀರು ಅನ್ಲಿ" ಎಂಬುದು ಬೀದಿಯ ಮಂತ್ರವಾಯಿತು. ಪಕ್ಕದ ವಾರ್ಡಿನವರೊಬ್ಬರು ಮದುವೆಮನೆಯಲ್ಲಿ ನನ್ನನ್ನು ತಡೆದು, "ಮೇಡಂ, ನಮ್ ಕಡೆ ಒಂದ್ಸಲ ಬಂದು ಆ ಮಾತು ಹೇಳೋಗಿ, ಸೀರೆ ಆರ್ಡರ್ ನಿಂತೋಗಿದೆ" ಎಂದು ಬಹಳ ಗಂಭೀರವಾಗಿಯೇ ಕೇಳಿಕೊಂಡರು. ನನಗೂ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ನಿಮ್ಮಿಂದ ಏಕೆ ಮುಚ್ಚಿಡಲಿ? ಒಬ್ಬಳೇ ಇದ್ದಾಗ ಕನ್ನಡಿಯ ಮುಂದೆ ನಿಂತು 'ನೀರು' ಎಂದು ಹೇಳಿ, ಮೇಲಿನ ಬಲ್ಬನ್ನು ಓರೆಗಣ್ಣಿನಿಂದ ನೋಡಿದ್ದೂ ಉಂಟು.

ಆದರೆ ಯಶೋದಳ ಬಿಂದಿಗೆಗೆ ನನ್ನ ಮಹಿಮೆಯಿಂದ ತೊಟ್ಟು ನೀರೂ ಬಿದ್ದಿರಲಿಲ್ಲ. "ಅಣ್ಣಂಗೆ ಹೇಳ್ಬಿಟ್ಟಿದೀನಿ ಅಕ್ಕಾ, ಭಾನುವಾರ ಗಾಡಿ ತತ್ತಾನೆ" ಎಂದಳು. ಆಗ ನನ್ನ ನಗು ಅರ್ಧಕ್ಕೆ ನಿಂತಿತು.

ಅದೇ ವಾರದ ಒಂದು ಸಂಜೆ ಕರೆಂಟು ಹೋಯಿತು, ಕೆಮ್ಮು ಕೇಳಿತು, ನಾನು ಹಾಜರಾದೆ. ಭಾಷಣ ಕೇಳಲಿಕ್ಕಲ್ಲ, ಪವಾಡ ನೋಡಲಿಕ್ಕೆ ಜನ ಕಿಕ್ಕಿರಿದಿದ್ದರು. ಕೆಳಗಿನ ಬೀದಿಯವರೂ ಬಂದಿದ್ದರು. ಯಾರೋ ನನಗಾಗಿ ಜಗಲಿಯ ಮೇಲೆ ಚಾಪೆ ಹಾಸಿದ್ದರು. ಅಂಜಿನಪ್ಪ ಮಾವ, "ಹೂಂ, ಸುತ್ತಿ ಬಳಸಬೇಡಮ್ಮ, ಆ ಒಂದು ಮಾತು ಅಂದ್ಬಿಡು, ಕೆಲಸ ಐತೆ ಎಲ್ಲಾರ್ಗೂ" ಎಂದರು. "ಇವತ್ತು ಪೂರ್ತಿ ಹೇಳೇ ಹೇಳ್ತೀನಿ ಮಾವ, ಎಲ್ಲರೂ ಕೂತ್ಕೊಳ್ಳಿ" ಎಂದೆ. ಕೂತರು. ಕಾಗದ ಬಿಡಿಸಿ, "ನೀರು" ಎಂದೆ.

ಬಂತು. ಬೀದಿ ನಕ್ಕ ನಗುವನ್ನು ಅರೆಕ್ಷಣ ಕೇಳಿದೆ, ಆಮೇಲೆ ಮಗ್ಗಗಳು ಅದನ್ನೂ ನುಂಗಿದವು. ಎಲ್ಲರೂ ಒಳಗೆ ಹೋದರು. ಚಾಪೆಯ ಮೇಲೆ ನಾನು, ಕೈಯಲ್ಲಿ ನನ್ನ ವಾಕ್ಯಗಳು.

ಕಿಟಕಿಯಾಚೆ ಯಶೋದ ಮಗ್ಗದ ಮುಂದೆ ನಿಂತಿದ್ದಳು, ಅವಳ ಪಕ್ಕದ ಮಗ್ಗದಲ್ಲಿ ಅಮ್ಮ. ಅಮ್ಮನ ತಲೆಯ ಮೇಲೆ ಪದವೀಧರೆಯಾದ ನಾನು ಅದುರುತ್ತ ವಾಲತೊಡಗಿದ್ದೆ. ಕಾಗದವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿದೆ. ಜಗಲಿಯ ಮೇಲೆ ಬಿದ್ದಿದ್ದ ಖಾಲಿ ಕಂಡಿಕೆಯೊಂದನ್ನೆತ್ತಿ ಕಿಟಕಿಯೊಳಗೆ ಎಸೆದೆ. ಅಮ್ಮ ತಲೆಯೆತ್ತಿದಳು. ದನಿ ಹೊರಡಿಸದೆ, ಬಾಯಿ ಅಗಲಿಸಿ, ಚಿಕ್ಕಂದಿನಲ್ಲಿ ತಿಂಡಿ ಕೇಳುತ್ತಿದ್ದಂತೆ ಹೇಳಿದೆ: ಅಮ್ಮ, ಕೆಳಗಿನ ಬೀದಿಗೆ ನೀರಿಲ್ಲ. ಬೆಳಿಗ್ಗೆ ನಮಗೆ, ಸಂಜೆ ಅವರಿಗೆ. ಇಲ್ಲದಿದ್ದರೆ ಯಶೋದ ಹೋಗ್ತಾಳೆ.

ಅಮ್ಮ ಯಶೋದಳತ್ತ ತಿರುಗಿದಳು. ಯಶೋದ ತಲೆ ತಗ್ಗಿಸಿದಳು. ಅಣ್ಣನ ಗಾಡಿಯ ಸಂಗತಿಯನ್ನು ಅವಳು ಅಮ್ಮನಿಗೆ ಹೇಳಿಯೇ ಇರಲಿಲ್ಲವೆಂದು ಆಗ ತಿಳಿಯಿತು.

ಬೆನ್ನಿಗೆ ಏನೋ ತಾಗಿತು. ಎದುರುಮನೆಯಿಂದ ಹಾರಿಬಂದ ಕಂಡಿಕೆ. ಅಂಜಿನಪ್ಪ ಮಾವ ಕಿಟಕಿಯ ಸರಳು ಹಿಡಿದು ನಿಂತು ನನ್ನ ತುಟಿಯನ್ನು ಓದಲು ಹವಣಿಸುತ್ತಿದ್ದರು. ಅವರತ್ತ ತಿರುಗಿ ಇನ್ನೊಮ್ಮೆ ಹೇಳಿದೆ. ಅವರ ತುಟಿ ಕೇಳಿತು: ನಮ್ದೂ ಬತ್ತೋದ್ರೆ? ನಾನೆಂದೆ: ಬತ್ತಿದ್ರೆ ಎರಡು ಬೀದೀನೂ ಒಂದೇ ಟ್ಯಾಂಕರ್ ಮುಂದೆ ನಿಲ್ಲೋಣ. ನಾನೂ ಬಿಂದಿಗೆ ತರ್ತೀನಿ. ಅವರು: ನೀನು ಬಡಾವಣೆಯೋಳು. ನಾನು: ಬಾಯಿ ಇಲ್ಲೀದು ಮಾವ, ನೋಡಿ.

ಅಷ್ಟರಲ್ಲಿ ಬೀದಿಯುದ್ದಕ್ಕೂ ಕಿಟಕಿಗಳಲ್ಲಿ ಮುಖಗಳು ಮೂಡಿದ್ದವು. ಕೈ ಮಗ್ಗದ ಮೇಲೆ, ಕಣ್ಣು ಹೊರಗೆ. ಕಂಡಿಕೆಗಳು ಎಡದಿಂದಲೂ ಬಲದಿಂದಲೂ ಬಂದು ಬಿದ್ದವು. ಒಬ್ಬೊಬ್ಬರಿಗೂ ತಿರುಗಿ ತಿರುಗಿ ಉತ್ತರ ಹೇಳುತ್ತ ಬುಗುರಿಯಾದೆ. ನಮ್ಮ ನಗರಸಭೆಯ ಸಭಾಂಗಣದಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಮೇಜು ಕುಟ್ಟುತ್ತಾರೆ, ಮತ್ತೊಬ್ಬರು ಮೊಬೈಲು ನೋಡುತ್ತಾರೆ, ಆದರೂ ಎಲ್ಲರೂ ಕೇಳಿಸಿಕೊಂಡೆವೆಂದೇ ನಡಾವಳಿಯಾಗುತ್ತದೆ. ಇಲ್ಲಿ ಆ ಸೌಲಭ್ಯವಿರಲಿಲ್ಲ. ಬೇಡ ಎನ್ನಬೇಕಾದರೂ ನನ್ನ ಮುಖ ನೋಡಿಯೇ ಎನ್ನಬೇಕಿತ್ತು; ಯಶೋದ ಇರುವ ಕಿಟಕಿಯ ಎದುರಿಗೆ ನಿಂತು ಎನ್ನಬೇಕಿತ್ತು. ತುಟಿಯ ಮಾತಿಗೆ ಮುಖ ತಿರುಗಿಸಿದರೆ ಸಂಭಾಷಣೆಯೇ ಇಲ್ಲ. ಪದವಿ ತರಗತಿಯಲ್ಲಿ ನಾನು ಕಷ್ಟಪಟ್ಟು ಸಂಪಾದಿಸಿದ ಪದಗಳ ಮೇಲೆ ನನಗಿರುವ ಮೋಹ ಸಣ್ಣದಲ್ಲ, ಈ ಬರಹವೇ ಅದಕ್ಕೆ ಸಾಕ್ಷಿ. ಆದರೆ ಆ ಸಂಜೆ 'ಸಹಬಾಳ್ವೆ' ಎಂಬ ಒಂದೇ ಮಾತನ್ನು ತುಟಿಯಲ್ಲಿ ಹೇಳಲು ಮೂರು ಬಾರಿ ಯತ್ನಿಸಿ, ಎದುರಿಗಿದ್ದವರು ನಾನು ಏನೋ ಜಗಿಯುತ್ತಿದ್ದೇನೆಂದು ತಿಳಿದದ್ದರಿಂದ ಬಿಟ್ಟುಕೊಟ್ಟೆ.

ಕಟ್ಟಕಡೆಗೆ ಅಂಜಿನಪ್ಪ ಮಾವ ಸರಳಿನಿಂದ ಕೈ ತೆಗೆದರು. ಆಮೇಲೆ ಒಂದು ಸಲ, ನಮ್ಮಮ್ಮನ ಕಿಟಕಿಯ ಕಡೆ ನೋಡಿ, ಹೂಂ ಎಂದು ತಲೆಯಾಡಿಸಿದರು. ಪಕ್ಕದ ಕಿಟಕಿ ಆಡಿಸಿತು, ಅದರಾಚೆಯದೂ ಆಡಿಸಿತು. ಅಮ್ಮ ಮಗ್ಗ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ, ಬೀಗದ ಕೈಯನ್ನು ನನಗೆ ಕೊಡದೆ ಯಶೋದಳ ಕೈಗೆ ಹಾಕಿದಳು. ಅವಳ ತುಟಿಯನ್ನು ನಾನೂ ಓದಿದೆ: ಸಂಜೆ ಮನೆಗೆ ಹೋಗ್ತಾ ಮೋಟಾರ್ ಹಾಕ್ಕೊಂಡು ಹೋಗು, ಅಣ್ಣಂಗೆ ಗಾಡಿ ಬೇಡ ಅನ್ನು. ನಂತರ ನನ್ನ ಕಡೆ ತಿರುಗಿ: ಇಷ್ಟು ದಿನ ಇದನ್ನ ಹೇಳಕ್ಕಾ ಅಷ್ಟೊಂದು ಓದ್ತಿದ್ದೆ?

ವಾಲಿದ್ದ ಫೋಟೋವನ್ನು ನೆಟ್ಟಗೆ ಮಾಡಿ ಮತ್ತೆ ಮಗ್ಗಕ್ಕೆ ಹೋದಳು.

ಮರುದಿನವೇ ನಗರಸಭೆಯ ನೀರುಗಂಟಿ ಬಂದು ವಾಲ್ವ್ ತಿರುಗಿಸಿದ. ಭಾನುವಾರ ಯಶೋದಳ ಅಣ್ಣ ಗಾಡಿಯಿಲ್ಲದೆ ಬಂದು, ಹಲಸಿನ ಹಣ್ಣು ಕೊಟ್ಟು, ಊಟ ಮಾಡಿಕೊಂಡು ಹೋದ. ಬೇಸಿಗೆ ವರದಿಯ ಉಳಿದ ಭಾಗವನ್ನು ಯಾರೂ ಕೇಳಲಿಲ್ಲ. ನೆರಳಿನ ಬಲೆಯ ಬಗ್ಗೆ ನಾನು ಬರೆದಿದ್ದ ಉಪಮೆಯೊಂದು ಹಾಗೇ ಉಳಿದಿದೆ, ನಿಮಗೆ ಪುರುಸೊತ್ತಿದ್ದರೆ ಹೇಳಿಯೇನು.

ಮೊನ್ನೆ ಸಂಜೆ ಅಮ್ಮನ ಮನೆಯಲ್ಲಿದ್ದಾಗ ಕರೆಂಟು ಹೋಯಿತು. ಮಗ್ಗಗಳು ನಿಂತವು. ಅಭ್ಯಾಸಬಲದಿಂದ ಕೆಮ್ಮಿಗಾಗಿ ಕಿವಿಗೊಟ್ಟೆ. ಅದಕ್ಕೆ ಬದಲಾಗಿ ಇಳಿಜಾರಿನ ಕಡೆಯಿಂದ, ಮಿನಿ ಟ್ಯಾಂಕಿನ ನಲ್ಲಿಯ ಕೆಳಗೆ ಯಾರದೋ ಬಿಂದಿಗೆ ತುಂಬುವ ಸದ್ದು ಕೇಳಿತು. ಮೊದಲು ಪೊಳ್ಳಾಗಿ, ದಪ್ಪಗೆ. ನೀರು ಕಂಠಕ್ಕೆ ಬರುತ್ತಿದ್ದಂತೆ ಸಣ್ಣಗೆ, ಮೇಲುಮೇಲಕ್ಕೆ. ಮಗ್ಗಗಳ ಅಡಿಯಲ್ಲಿ ಇಷ್ಟು ದಿನವೂ ಅದು ಹಾಗೆಯೇ ತುಂಬುತ್ತಿದ್ದಿರಬೇಕು. ಒಬ್ಬೊಬ್ಬರಾಗಿ ಜಗಲಿಗೆ ಬಂದರು, ಮಾತಾಡದೆ ಕೂತರು. ಎದುರುಮನೆಯಲ್ಲಿ ಅಂಜಿನಪ್ಪ ಮಾವ ಎದೆಯ ಮೇಲೆ ಕೈಯಿಟ್ಟುಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಬರುತ್ತಿದ್ದುದನ್ನು ತಡೆಹಿಡಿದಿದ್ದರು.

ಬಿಂದಿಗೆ ತುಂಬುವ ತನಕ ಅವರು ಕೆಮ್ಮಲಿಲ್ಲ.